ಆಂಟಿ ತಿರುಗಿ ನೋಡಲಿಲ್ಲ

ಮೊನ್ನೆ ಕ್ಲಿನಿಕ್ಕಿನ ಬಾಗಿಲಲ್ಲಿ ಕೈಗೆ ಸ್ಯಾನಿಟೈಸರ್ ಒತ್ತಿಕೊಂಡೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಪಿಯಾರಾ ವಾಟರ್ಸ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಡಾಕ್ಟರ್ ಆಂಟಿ ನೆನಪಾದರು. ನೈಟ್ ಡ್ಯೂಟಿಯಿಂದ ಬಂದಾಗಲೆಲ್ಲ ಅವರ ಕೈ ಇದೇ ವಾಸನೆ ಹೊಡೆಯುತ್ತಿತ್ತು. ನನ್ನ ಹೆಸರು ಕೂಗುವವರೆಗೂ ಕೂರಲಾಗದೆ ಕ್ಲಿನಿಕ್ಕಿನಲ್ಲಿ ಶತಪಥ ಹಾಕಿದೆ.

ಆಂಟಿಗೆ ಒಂದೇ ಹುಚ್ಚು: ಸೀ ಲಯನ್, ಅಂದರೆ ಕಡಲಸಿಂಹ, ಕಣ್ಣು ಬಿಟ್ಟು ನೋಡುವುದನ್ನು ಒಮ್ಮೆ ನೋಡಬೇಕು. ರಾಕಿಂಗ್‌ಹ್ಯಾಮ್ ಕಡೆಯ ಬೀಚಿನಲ್ಲಿ ಅಪರೂಪಕ್ಕೊಂದು ಬಂದು ಮಲಗುತ್ತಿತ್ತು. ನಾನೇ ಎಷ್ಟೋ ಸಲ ಕಾರಿನಲ್ಲಿ ಕರೆದೊಯ್ದಿದ್ದೆ. ಒಂದೋ ಇರುತ್ತಿರಲಿಲ್ಲ, ಇದ್ದರೆ ಗಡದ್ದು ನಿದ್ದೆ. ಅವರು ದೂರದಲ್ಲೇ ಮರಳಿನ ಮೇಲೆ ಕೂತುಬಿಡುತ್ತಿದ್ದರು. ನನಗೋ ಕೂತಲ್ಲಿ ಕೂರುವ ಜಾಯಮಾನವೇ ಅಲ್ಲ.

"ಸ್ವಲ್ಪ ಹತ್ರ ಹೋಗೋಣ ಆಂಟಿ, ಏನಾಗತ್ತೆ?"

"ದಿನಗಟ್ಲೆ ಸಮುದ್ರದಲ್ಲಿ ಮೀನು ಹುಡುಕಿ ಸುಸ್ತಾಗಿ ಬಂದಿದೆ ಕಣೋ. ನೈಟ್ ಡ್ಯೂಟಿ ಮಾಡಿ ಬಂದೋರ್ನ ಯಾರಾದ್ರೂ ಎಬ್ಬಿಸ್ತಾರಾ? ಮೊದ್ಲೇ ಇರೋದು ಕಮ್ಮಿ ಇವು."

ಆಮೇಲೆ ಅವರಿಗೆ ಕ್ಯಾನ್ಸರ್ ಅಂತ ಗೊತ್ತಾಯಿತು. ಚಿಕಿತ್ಸೆಗೆ ಅಡಿಲೇಡ್‌ನ ಪ್ರಾಸ್ಪೆಕ್ಟ್‌ನಲ್ಲಿದ್ದ ಮಗಳ ಮನೆಗೆ ಹೊರಟರು. ಹೊರಡುವ ಮುಂಚಿನ ಭಾನುವಾರ ಕೊನೆಯ ಸಲ ಬೀಚಿಗೆ ಹೋದೆವು. ಇನ್ನು ಮುಂದೆ ಆಸ್ಪತ್ರೆ, ಮನೆ ಅಷ್ಟೇ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಪುಣ್ಯಕ್ಕೆ ಒಂದು ಮಲಗಿತ್ತು. ಮುಖ ನಮ್ಮ ಕಡೆಗೇ ಇತ್ತು, ಕಣ್ಣು ಮಾತ್ರ ಮುಚ್ಚಿತ್ತು. ಕಾದೆವು… ಅಷ್ಟರಲ್ಲಿ ನಮ್ಮ ಬೆಂಗಳೂರಿನವರದೇ ಒಂದು ಕುಟುಂಬ ಬಂತು. ಅಪ್ಪ ಫೋನ್ ಹಿಡಿದು, "ಪಕ್ಕದಲ್ಲಿ ನಿಂತ್ಕೋ ಪುಟ್ಟಿ, ಫೋಟೋ ತೆಗೀತೀನಿ" ಎಂದ. ಮಗು ನೇರ ನಡೆದೇಬಿಟ್ಟಿತು. ಆಂಟಿ ದಡಬಡನೆ ಎದ್ದು, ಪ್ರಾಣಿಗೆ ಬೆನ್ನು ಮಾಡಿ, ಎರಡೂ ಕೈ ಅಗಲಿಸಿ ಮಗುವಿಗೆ ಅಡ್ಡ ನಿಂತರು. "ಬೇಡ ಪುಟ್ಟಿ, ಅದಕ್ಕೆ ಭಯ ಆಗತ್ತೆ. ಕಚ್ಚಿಬಿಡತ್ತೆ" ಎಂದು ಮೆಲ್ಲಗೆ ಹೇಳುತ್ತಿದ್ದರು.

ಆಗಲೇ ಅದು ತಲೆ ಎತ್ತಿತು. ಕಣ್ಣು ಬಿಟ್ಟಿತು.

ಕೂಗಿದರೆ ಅದು ಬೆದರುತ್ತದೆ, ಕೂಗದಿದ್ದರೆ ಆಂಟಿಗೆ ತಪ್ಪಿಹೋಗುತ್ತದೆ. ಅವರು ತಿರುಗಲೇ ಇಲ್ಲ. ಮಗುವನ್ನು ಅಪ್ಪ ಎತ್ತಿಕೊಂಡು ಹಿಂದೆ ಸರಿಯುವಷ್ಟರಲ್ಲಿ ಅದು ಆಕಳಿಸಿ ಮತ್ತೆ ಮಲಗಿತ್ತು.

ಕಾರಿನಲ್ಲಿ ಕೇಳಿದರು, "ಎದ್ದಿತ್ತಲ್ವಾ? ಆ ಮಗು ಮುಖ ನೋಡಿದಾಗ್ಲೇ ಗೊತ್ತಾಯ್ತು."

"ಗೊತ್ತಾಗಿಯೂ ಯಾಕೆ ತಿರುಗ್ಲಿಲ್ಲ?" ನನಗೆ ಸಿಟ್ಟೇ ಬಂದಿತ್ತು.

"ನಾನು ತಿರುಗಿದ್ರೆ ಅವಳು ಅದ್ರ ಹತ್ರ ಓಡ್ಬಿಡ್ತಿದ್ಲು. ಹೋಗ್ಲಿ ಬಿಡು. ಕಣ್ಣು ಹೇಗಿತ್ತು, ಹೇಳು."

ಕಪ್ಪಗೆ, ದೊಡ್ಡದಾಗಿ, ನಿದ್ದೆಯಿಂದೆದ್ದ ಕೂಸಿನ ಕಣ್ಣಿನ ಹಾಗಿತ್ತು ಎಂದೆ. ಮನೆ ಮುಟ್ಟುವವರೆಗೂ ಅದನ್ನೇ ಮತ್ತೆ ಮತ್ತೆ ಹೇಳಿಸಿದರು.

ಆಂಟಿ ತೀರಿಹೋಗಿ ವರ್ಷವಾಗುತ್ತಾ ಬಂತು. ಮೊನ್ನೆ ಕ್ಲಿನಿಕ್ಕಿನಿಂದ ಹೊರಬಂದವನು ಮನಸ್ಸು ತಡೆಯದೆ ಅವರ ಮಗಳಿಗೆ ಫೋನ್ ಮಾಡಿದೆ. ಕೊನೆಕೊನೆಗೆ ಅಮ್ಮ ಬರೀ ಸೀ ಲಯನ್ ಮಾತೇ ಆಡುತ್ತಿದ್ದರೆಂದು ಇಂಗ್ಲಿಷಿನಲ್ಲಿ ಹೇಳಿದಳು. ಕಪ್ಪನೆಯ ದೊಡ್ಡ ಕಣ್ಣು ಬಿಟ್ಟು ತನ್ನನ್ನೇ ನೋಡಿತು ಅನ್ನುತ್ತಿದ್ದರಂತೆ. "ಡಿಡ್ ಇಟ್ ರಿಯಲಿ ಲುಕ್ ಅಟ್ ಹರ್?"

ಪಾರ್ಕಿಂಗ್ ಲಾಟಿನಲ್ಲಿ ಅತ್ತಿಂದಿತ್ತ ಅಲೆಯುತ್ತಿದ್ದವನು ನಿಂತೆ. ಆಂಟಿ ಇನ್ನಿಲ್ಲ ಅನ್ನುವುದು ಆಗ ಎದೆಗೆ ಬಡಿಯಿತು. "ಹೌದು, ಅವರನ್ನೇ ನೋಡಿದ್ದು" ಎಂದೆ. ಸುಳ್ಳಲ್ಲ… ನನ್ನ ಕಡೆಗಾಗಲಿ, ಆ ಮಗುವಿನ ಕಡೆಗಾಗಲಿ ಅದು ನೋಡಿರಲೇ ಇಲ್ಲ. ಕಣ್ಣು ಬಿಟ್ಟು ಮತ್ತೆ ಮುಚ್ಚುವವರೆಗೂ ಅದು ನೋಡಿದ್ದು ಆಂಟಿಯ ಬೆನ್ನನ್ನೇ.