ತವರಿಗೆ ಹೋಗಲು ಪರ್ಮಿಷನ್

ನಮ್ಮ ಕಾಲದಲ್ಲಿ ಸೊಸೆ ತವರಿಗೆ ಹೋಗಬೇಕಾದರೆ ಅತ್ತೆಯ ಪರ್ಮಿಷನ್ ಸಾಕಿತ್ತು. ನನ್ನ ತವರು ಸುರಪುರ, ಶಹಾಪುರದಿಂದ ಬಸ್ಸಿನಲ್ಲಿ ಮುಕ್ಕಾಲು ತಾಸು, ಅಷ್ಟಕ್ಕೂ ಕೇಳಬೇಕಿತ್ತು. ನನ್ನ ಸೊಸೆ ಕೇಳುವ ಮೊದಲೇ ನಾನು ಹೂಂ ಅಂದಿದ್ದೆ. ಸರ್ಕಾರದ್ದು ಮಾತ್ರ ಬರಲೊಲ್ಲದು.

ಅವಳು ಶ್ರೀಲಂಕಾದವಳು. ನನ್ನ ಮಗ ದೋಹಾದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದಾಗ ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಇಬ್ಬರೂ ಶಹಾಪುರಕ್ಕೆ ಬಂದು ಮದುವೆಯಾಗಿ ಎಂಟು ವರ್ಷ. ಭಾರತದ ಸಿಟಿಜನ್‌ಶಿಪ್‌ಗೆ ಹಾಕಿದ ಅರ್ಜಿ ಇನ್ನೂ ಪೆಂಡಿಂಗ್. ಅದರ ನಡುವೆ ದೇಶ ಬಿಟ್ಟರೆ ಮರಳಿ ಬರಲು ಲಿಖಿತ ಅನುಮತಿ ಬೇಕು, ಇಲ್ಲದೆ ಹೋದರೆ ಬಾಗಿಲೇ ಮುಚ್ಚಬಹುದು ಎಂದರು. ಅತ್ತ ಕ್ಯಾಂಡಿಯಲ್ಲಿ ಅವಳ ತಾಯಿಗೆ ನಾಲ್ಕು ವಾರದಲ್ಲಿ ಹಾರ್ಟ್ ಆಪರೇಷನ್.

ಅನುಮತಿಯ ಅರ್ಜಿ ನಾನೇ ಬರೆದೆ. ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಮಾರ್ಜಿನ್ ಬಿಡಲು, ‘ರೆಸ್ಪೆಕ್ಟೆಡ್ ಸರ್’ ಮುಂದೆ ಕಾಮಾ ಹಾಕಲು ಚೆನ್ನಾಗಿ ಕಲಿಸಿದ್ದರು. ಉತ್ತರವೇ ಬಾರದಿದ್ದರೆ ಏನು ಮಾಡಬೇಕೆಂದು ಕಲಿಸಿರಲಿಲ್ಲ. ಯಾದಗಿರಿಯ ಪೊಲೀಸ್ ಕಚೇರಿಗೆ ಇಬ್ಬರೂ ಬಸ್ಸು ಹತ್ತಿ ಹೋದದ್ದೇ ಹೋದದ್ದು. ಮೂರನೆಯ ಸಲ ಗುಮಾಸ್ತ ಫೈಲು ತೆಗೆದ.

“ಅಮ್ಮಾರ, ನಿಮ್ದು ವಾಪಸ್ ಬಂದಾದ್ರಿ. ಹೋದ ವಾರ ನಮ್ಮವರು ವೆರಿಫಿಕೇಷನ್‌ಗೆ ನಿಮ್ಮ ಓಣಿಗೆ ಹೋಗಿದ್ರು. ಈ ಹೆಸರಿನ ಹೆಣ್ಮಗಳು ಅಲ್ಲಿ ಇಲ್ಲಂತ.”

“ಇಲ್ಲ ಅಂದ್ರ? ನಿಮ್ಮ ಮುಂದೇ ಕುಂತಾಳಲ್ರಿ!”

“ಇಲ್ಲಿ ಕುಂತಾರ ಖರೆ. ಮನ್ಯಾಗ ಇಲ್ಲ ಅಂತ ಬರದಾರ.”

ಪೊಲೀಸರು ಬಂದ ದಿನ ನಮ್ಮ ಮನೆಗೆ ಕೀಲಿ ಹಾಕಿತ್ತು. ನಾವು ಯಾದಗಿರಿಯಲ್ಲಿ ಇದೇ ಅರ್ಜಿಯ ಬಗ್ಗೆ ವಿಚಾರಿಸುತ್ತಿದ್ದೆವು! ಊರಿಗೆ ಮರಳಿದವಳೇ ಪಕ್ಕದ ಮನೆಯಾಕೆಯನ್ನು ಕೇಳಿದೆ.

“ಬಂದಿದ್ದನ್ರಿ ಪೊಲೀಸಪ್ಪ. ಸಿಲೋನಿನ ಯಾವುದೋ ಉದ್ದನ್ನ ಹೆಸರು ಹೇಳಿದ. ಅಂಥಾಕಿ ನಮ್ಮ ಓಣ್ಯಾಗ ಯಾರೂ ಇಲ್ಲಪಾ ಅಂದೆ.”

“ಅದು ನಮ್ಮ ಸೊಸಿ ಹೆಸರ‍್ರಿ!”

“ಏ, ಸುಮ್ನಿರ‍್ರಿ. ನಿಮ್ಮ ಸೊಸಿ ಹೆಸರು ನನಗ ಗೊತ್ತಿಲ್ಲೇನು? ಅಕ್ಕಿ ಮ್ಯಾಲ ಬರೆಸುವಾಗ ಪರಾತ ಹಿಡದಾಕಿ ನಾನೇ!”

ನಮ್ಮಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುತ್ತಾರೆ. ಪರಾತದಲ್ಲಿ ಅಕ್ಕಿ ಹರಡಿ, ಮದುಮಗನ ಉಂಗುರದಿಂದ ಅದನ್ನು ಬರೆಸುತ್ತಾರೆ. ತೀರಿಹೋದ ನನ್ನ ಅವ್ವನ ಹೆಸರನ್ನೇ ನಾನು ಆರಿಸಿದ್ದೆ. ಮನೆಯಲ್ಲಿ ಮತ್ತೆ ಆ ಹೆಸರು ಕೂಗಬಹುದಲ್ಲ ಎಂಬ ಆಸೆ. ಅವಳು ಬೇಡ ಅನ್ನಲಿಲ್ಲ; ಬೇಕೇ ಎಂದು ನಾನೂ ಕೇಳಿರಲಿಲ್ಲ. ಪಾಸ್‌ಪೋರ್ಟಿನ ಹೆಸರು ಓಣಿಯಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ.

ಎರಡು ಹೆಸರೂ ಒಬ್ಬಳದೇ ಎಂದು ಅಫಿಡವಿಟ್ ಮಾಡಿಸಿದೆವು. ಪಕ್ಕದ ಮನೆಯಾಕೆ ಸಾಕ್ಷಿ. ಕಾನ್‌ಸ್ಟೇಬಲ್ ಮತ್ತೊಮ್ಮೆ ಬಂದ.

“ಮೊದಲೇ ಹೇಳಬಾರದೇನ್ರಿ ಯವ್ವಾ, ಎರಡು ಹೆಸರು ಅದಾವಂತ?”

“ಲಂಕಾದಾಕಿ ಮನಿ ಯಾವುದು ಅಂತ ನೀ ಕೇಳಬಾರದೇನಪಾ? ಓಣಿ ತುಂಬ ಬೊಟ್ಟು ಮಾಡಿ ತೋರಸ್ತಿದ್ರು,” ಎಂದಳು ಪಕ್ಕದ ಮನೆಯಾಕೆ.

“ಹಾಳಿ ಮ್ಯಾಲ ಇದ್ದದ್ದು ಕೇಳಬೇಕ್ರಿ ನಾವು.”

ಆಪರೇಷನ್ನಿನ ದಿನ ಫೈಲು ಇನ್ನೂ ‘ಮ್ಯಾಲ ಹೋಗ್ಯಾದ್ರಿ’. ಸೊಸೆ ಕಚೇರಿಯ ಮೆಟ್ಟಿಲ ಮೇಲೆ ಕುಳಿತು, ಅವಳ ತಮ್ಮ ಫೋನಿನಲ್ಲಿ ತೋರಿಸುತ್ತಿದ್ದ ಆಸ್ಪತ್ರೆಯ ಖಾಲಿ ಕಾರಿಡಾರನ್ನು ನೋಡುತ್ತಿದ್ದಳು. ಎಷ್ಟೋ ರೋಗಿಗಳನ್ನು ನೋಡಿಕೊಂಡ ಕೈ ಅದು. ಈಗ ಬರೀ ಫೋನು ಹಿಡಿದಿತ್ತು. ತಾಯಿ ಉಳಿದರು, ದೇವರು ದೊಡ್ಡವನು.

ಅನುಮತಿ ಬಂದದ್ದು ಆಮೇಲೆ. ಸಹಿಯಾದಂದಿನಿಂದ ಮೂವತ್ತು ದಿನದೊಳಗೆ ಹೋಗಿ ಮರಳಬೇಕು. ನಮ್ಮ ಕೈ ಸೇರುವಷ್ಟರಲ್ಲಿ ಉಳಿದದ್ದು ಹನ್ನೆರಡು. ಮುಂದಕ್ಕೆ ಹಾಕಿಕೊಡಿ ಎಂದರೆ, “ಹೊಸಾ ಅರ್ಜಿ ಹಾಕ್ರಿ” ಅಂದ ಗುಮಾಸ್ತ. ನಾನು ಪರ್ಸಿನಿಂದ ಪೆನ್ನು ತೆಗೆದೆ.

“ಬ್ಯಾಡ್ರಿ ಅತ್ತಿ,” ಎಂದಳು ಸೊಸೆ. “ಮತ್ತ ಕೇಳಕೋತ ಕುಂತ್ರ ಈ ಹನ್ನೆರಡೂ ಹೋಗ್ತಾವ.”

ಮರುದಿನವೇ ಚೆನ್ನೈ ರೈಲು ಹತ್ತಿಸಲು ಯಾದಗಿರಿ ಸ್ಟೇಷನ್‌ಗೆ ಹೋದೆವು. ಕನ್ನಡದಲ್ಲಿ ನಾಲಿಗೆ ಹೊರಳದೆ, ಹೆಸರಿನ ವಿಷಯಕ್ಕೆ ಇಂಗ್ಲಿಷಿನಲ್ಲೇ ‘ಸಾರಿ’ ಅಂದೆ. ಅವಳು ಗಡಿಯಾರ ನೋಡುತ್ತಲೇ “ಹೂಂ” ಎಂದಳು. ರೈಲು ಎರಡು ತಾಸು ಲೇಟ್. ಆ ಎರಡು ತಾಸೂ ಅವಳ ತಾಯಿಯ ಪಾಲಿನಿಂದಲೇ ಹೋದವು.