ತೂಗುವವನ ಸೈಕಲ್ಲು

ಒಣದ್ರಾಕ್ಷಿ ಗೋದಾಮಿನಲ್ಲಿ ಸಿದ್ದಲಿಂಗೇಶ ತೂಕ ಹೇಳಿದರೆ ಹೊರಗಿನ ಚಹಾದಂಗಡಿಗೂ ಕೇಳುತ್ತದೆ. ಬಾಕ್ಸು ತಿಕೋಟಾದಿಂದ ಬರಲಿ, ನಿಡೋಣಿಯಿಂದ ಬರಲಿ, ಗ್ರಾಂ ಬಿಡದೆ ಕೂಗುವ ಆಸಾಮಿ. ತನ್ನ ತೂಕ ಮಾತ್ರ ಹೆಂಡತಿಗೂ ಹೇಳಿದವನಲ್ಲ. ಯಾರೂ ಇಲ್ಲದಾಗ ಯಂತ್ರದ ಮೇಲೆ ನಿಂತು, ಬೆವರು ಒರೆಸಿಕೊಳ್ಳುತ್ತ ಇಳಿಯುವುದನ್ನು ಅಲ್ಲೇ ಕೆಲಸ ಮಾಡುವ ನಾನು ಬಾಗಿಲ ಸಂದಿಯಿಂದ ಕಂಡಿದ್ದೇನೆ.

ಅವನ ಮಗಳು ನಂದಾ ಸೈಕಲ್ ರೇಸಿನವಳು. ವಿಜಯಪುರದಲ್ಲಿ ಇದೇನು ಹೊಸದಲ್ಲ. ನಸುಕಿನಲ್ಲೇ ತಿಕೋಟಾ ರಸ್ತೆ ಹಿಡಿಯುವ ಹುಡುಗ ಹುಡುಗಿಯರು ಬೇಕಾದಷ್ಟಿದ್ದಾರೆ. ಕಳೆದ ತಿಂಗಳು ಟೆಂಪೋ ಒಂದು ಅವಳ ಮೊಳಕೈ ಸವರಿಕೊಂಡು ಹೋಯಿತು. ಚರ್ಮ ಕಿತ್ತಿತ್ತು, ಅಷ್ಟೇ. ಆದರೆ ಅಪ್ಪನ ಜೀವ ಬಾಯಿಗೆ ಬಂತು. ಅಪ್ಪ ಮೋಟರ್‌ಸೈಕಲ್ ಮೇಲೆ ಹಿಂದೆ ಬಂದರೆ ಅದರ ಸದ್ದಿಗೆ ಲಾರಿ ಬರುವುದೇ ಕೇಳುವುದಿಲ್ಲ ಎಂದು ಅವಳು ಗೊಣಗಿದಳು. ಅವಳು ನಿಧಾನಕ್ಕೆ ತುಳಿಯುವ ದಿನಗಳಲ್ಲಾದರೂ ತಾನೂ ಸೈಕಲ್ ಮೇಲೆ ಬೆನ್ನಿಗಿರುತ್ತೇನೆ ಎಂದು ಇವನು ಹಟ ಹಿಡಿದ.

ಸ್ಟೇಷನ್ ರಸ್ತೆಯ ಅಬ್ದುಲಸಮದರ ಸೈಕಲ್ ಅಂಗಡಿಗೆ ನಂದಾಳ ಜೊತೆ ನನ್ನನ್ನೂ ಎಳೆದುಕೊಂಡು ಹೋದ.

"ಹೈಬ್ರಿಡ್ ತಗೋರಿ. ರೇಸಿನ ಸೈಕಲ್ಲಿನಷ್ಟು ನಾಜೂಕ ಅಲ್ಲ, ಹಂಗಂತ ಜಡಾನೂ ಅಲ್ಲ. ನಿಮ್ಮ ತೂಕ ಎಷ್ಟ ಅದರಿ?" ಎಂದರು ಅಬ್ದುಲಸಮದ.

ಅಂಗಡಿಯ ತುಂಬ ಗಿರಾಕಿಗಳು. ಸಿದ್ದಲಿಂಗೇಶ ಹೊಟ್ಟೆ ಒಳಗೆಳೆದುಕೊಂಡ. "ಎಂಬತ್ತು ಇರಬೇಕು ನೋಡ್ರಿ."

ಅಬ್ದುಲಸಮದ ಅವನ ಹೊಟ್ಟೆ ನೋಡಿದರು, ಮುಖ ನೋಡಿದರು. ಎಂಬತ್ತು ಕಿಲೋ ಭಾರಕ್ಕೆ ತಕ್ಕಂಥ, ತೆಳು ಗಾಲಿಯ, ವಿರಳ ಕಡ್ಡಿಗಳ ನೀಲಿ ಸೈಕಲ್ಲೊಂದನ್ನು ಮುಂದಿಟ್ಟರು. ಬೆಲೆಯೂ ಅಗ್ಗ. ಸಿದ್ದಲಿಂಗೇಶ ಒಂದೊಂದೇ ಕಡ್ಡಿ ಹಿಂಡಿ ನೋಡಿದ. ನನಗೋ ಮೈಯೆಲ್ಲ ಉರಿಯಿತು. ಊರವರ ಮಾಲು ತೂಗುವವನಿಗೆ ತನ್ನದು ಹೇಳಲು ಏನು ಧಾಡಿ? ನಾನು ಬಾಯಿ ತೆರೆಯುವಷ್ಟರಲ್ಲಿ ನಂದಾ ಮೆಲ್ಲಗೆ ಅಂದಳು:

"ಯಪ್ಪಾ, ನಡುದಾರ್ಯಾಗ ಗಾಲಿ ಸೊಟ್ಟ ಆತಂದ್ರ ನಾ ನಿನ್ನ ಬಿಟ್ಟು ಹೋಗಂಗಿಲ್ಲ. ಲಾರಿ ಬರೂ ರೋಡಿನ್ಯಾಗ ನಿನ್ನ ಬಾಜೂಕ ನಿಂದ್ರತೀನಿ."

ಸಿದ್ದಲಿಂಗೇಶ ನೀಲಿ ಸೈಕಲ್ಲಿನಿಂದ ಕೈ ತೆಗೆದ. ಆಮೇಲೆ ಗೋದಾಮಿನ ಅದೇ ಗಂಟಲಿನಲ್ಲಿ ಕೂಗಿದ:

"ನೂರಾ ಹದಿನಾಲ್ಕು ಕಿಲೋ, ಆರನೂರು ಗ್ರಾಂ!"

ಯಾರೋ ಕಿಸಕ್ಕನೆ ನಕ್ಕರು. ನಗಲಿ ಬಿಡಿ, ಅವರ ಗಂಟೇನು ಹೋಗಬೇಕು? ಅಬ್ದುಲಸಮದ ಒಳಗಿನಿಂದ ಬೇರೆ ಸೈಕಲ್ ತಂದರು. ಎರಡು ಪದರಿನ ರಿಮ್ಮು, ಒತ್ತೊತ್ತಾಗಿ ಕಡ್ಡಿ, ದಪ್ಪ ಟೈರು. ಗೇರು ಕಡಿಮೆ ಇದ್ದುದರಿಂದ ಬೆಲೆ ಕೈಮೀರಲಿಲ್ಲ.

ಮೊದಲ ದಿನ ತುಳಿದು ಬಂದವನು ಗೋದಾಮಿನಲ್ಲಿ ನನ್ನ ಪಕ್ಕ ಕುಸಿದು ಕೂತ. ದಾರಿಯುದ್ದಕ್ಕೂ ಕಿವಿ ಹಿಂದಿನ ಗಾಲಿಯ ಮೇಲೇ ಇತ್ತಂತೆ, ಎಲ್ಲಿ ಕಡ್ಡಿ ಟಕ್ಕೆಂದೀತೋ ಎಂದು. ಅಷ್ಟರಲ್ಲಿ ಬೆನ್ನ ಹಿಂದೆ ಲಾರಿ. ಹ್ಯಾಂಡಲ್ ಬಿಗಿಹಿಡಿದ. ಲಾರಿ ಹಾರ್ನ್ ಹೊಡೆಯಿತು, ಇವನ ಅಗಲ ಕಂಡು ಪೂರ್ತಿ ಬಲಕ್ಕೆ ಸರಿದು ದಾಟಿತು. ಮುಂದಿದ್ದ ನಂದಾಳಿಗೆ ಅದರ ಗಾಳಿಯೂ ತಾಗಲಿಲ್ಲ.

"ಈ ಮೈ ಯಾಕರ ಬೆಳದದೋ ಅಂತ ಮರಗತಿದ್ನೋ ಮಾರಾಯ," ಎಂದು ಕಣ್ಣೊರೆಸಿಕೊಂಡ. "ಆಕಿ ಹಿಂದ ಇರಾಕ ಬೇಕಾಗಿತ್ತು ನೋಡು."