ಎಡಕ್ಕೆ ತಿರುಗುವ ಕಿಡಿ

ಕಳೆದ ಶನಿವಾರ. ನಮ್ಮ ಕನ್ನಡ ಕೂಟದ ಪಿಕ್ನಿಕ್‌ಗೆ ಇನ್ನೊಂದೇ ಗಂಟೆ ಇದೆ ಎನ್ನುವಾಗ ನಾನು ಗ್ಯಾರೇಜಿನಲ್ಲಿ, ನನ್ನ ಹಳೆಯ ಕಾರಿನಲ್ಲಿ ಕೂತು ಕೀ ತಿರುಗಿಸಿದೆ. ಕಾರು ಕೆಮ್ಮಿತು. ಬಾನೆಟ್ಟಿನಡಿ ‘ಢಬ್’ ಎಂದು ಪಟಾಕಿ ಸಿಡಿದಂತಾಯಿತು. ಆಮೇಲೆ ಮೌನ.

ಆ ಮೌನದಲ್ಲಿ ನಾನು ಕಳೆದುಕೊಳ್ಳಲಿದ್ದುದು ಏನು ಗೊತ್ತೇ? ಒಂದು ಇಡೀ ವಾದ.

ಹಿನ್ನೆಲೆ ಹೇಳಬೇಕು. ನಮ್ಮ ಕೂಟದ ಕಮಿಟಿಗಳಲ್ಲಿ ಹೆಂಗಸರಿಗೆ ಅಡುಗೆ, ಅಲಂಕಾರ. ಗಂಡಸರಿಗೆ ವ್ಯಾನು, ಜನರೇಟರು, ಮೈಕು. ಈ ವಿಂಗಡಣೆಯ ಹಿಂದಿನ ತರ್ಕವೇನು ಎಂದು ಚಳಿಗಾಲದ ಸಭೆಯಲ್ಲಿ ಎದ್ದು ಕೇಳಿದೆ. (ಕಾಲೇಜಿನ ಚರ್ಚಾ ಸ್ಪರ್ಧೆಗಳ ಚಾಳಿ, ಒಮ್ಮೆ ಎದ್ದರೆ ಬೇಗ ಕೂರುವುದಿಲ್ಲ.) ಯಂತ್ರಕ್ಕೆ ಗಂಡು ಹೆಣ್ಣೆಂಬ ಭೇದ ತಿಳಿಯದು, ಕಲಿತ ಕೈ ಮತ್ತು ಕಲಿಯದ ಕೈ ಎಂಬ ಭೇದವಷ್ಟೇ ತಿಳಿಯುತ್ತದೆ ಎಂದೆ.

ವ್ಯಾನ್ ಕಮಿಟಿಯ ಕಾಯಂ ಅಧ್ಯಕ್ಷರಾದ ಮೂರ್ತಿ ಅಂಕಲ್ ನಕ್ಕರು. ಪಕ್ಕದ ಊರು ಲಿವೋನಿಯಾದ ಆಫೀಸೊಂದರಿಂದ ನಿವೃತ್ತರಾದ ಹಿರಿಯರು.

“ಮಾತು ಚೆನ್ನಾಗಿದೆ ಕಣಮ್ಮಾ. ನಿನ್ನ ಗ್ಯಾರೇಜಲ್ಲಿ ಒಂದು ಹಳೇ ಕಾರು ಮಲಗಿದೆಯಂತಲ್ಲ? ಬೇಸಿಗೆ ಪಿಕ್ನಿಕ್‌ಗೆ ಅದನ್ನ ಡ್ರೈವ್ ಮಾಡ್ಕೊಂಡು ಬಾ. ಬಂದ್ರೆ ಮುಂದಿನ ವರ್ಷ ಅಡುಗೆ ನಾವ್ ಮಾಡ್ತೀವಿ. ಬರದಿದ್ರೆ ಈ ವಿಷಯ ಮತ್ತೆ ಎತ್ತಬಾರದು, ಏನು?”

ಒಪ್ಪಿಕೊಂಡೆ. ಒಪ್ಪದೆ ಕೂರಲು ಸಾಧ್ಯವಿತ್ತೇ?

ಆ ಕಾರು ಶಿಕಾಗೋ ಬಳಿಯ ನೇಪರ್‌ವಿಲ್‌ನಿಂದ ಟ್ರೇಲರ್ ಏರಿ ನಮ್ಮೂರು ಕ್ಯಾಂಟನ್‌ಗೆ ಬಂದದ್ದು. ಅರವತ್ತೊಂಬತ್ತರ ಮಾಡೆಲ್. ಎರಡು ಬಾಗಿಲು, ಎಂಟು ಸಿಲಿಂಡರು, ಹಳದಿ ಮೈ, ಉದ್ದನೆಯ ಮೂತಿ. ಇಲ್ಲಿನವರು ಅಭಿಮಾನದಿಂದ ‘ಮಸಲ್ ಕಾರ್’ ಎನ್ನುವ ಕಟ್ಟುಮಸ್ತು ಜಾತಿ. ಬಂದಾಗ ಮಸಲ್ ಇರಲಿಲ್ಲ, ತುಕ್ಕು ಮಾತ್ರ ಇತ್ತು.

ನೆರವಿಗೆ ಬಂದವಳು ಎರಡು ಬೀದಿ ಆಚೆಯ ಗೆಳತಿ ನಸ್ರೀನ್. ಹುಬ್ಬಳ್ಳಿಯವಳು, ವಾರೆನ್ ಊರಿನ ಕಾರು ಕಂಪನಿಯಲ್ಲಿ ಎಂಜಿನ್ ಪರೀಕ್ಷಿಸುವ ಕೆಲಸ. ಆರು ತಿಂಗಳ ವಾರಾಂತ್ಯಗಳನ್ನೆಲ್ಲ ನಾವಿಬ್ಬರೂ ಆ ಕಾರಿನ ಹೊಟ್ಟೆಯೊಳಗೆ ಕಳೆದೆವು. ಬಿಚ್ಚಿದ ನಟ್ಟು ಬೋಲ್ಟುಗಳಿಗೆ ನಮ್ಮ ಒಗ್ಗರಣೆ ಡಬ್ಬಿಯೇ ಆಶ್ರಯ: ಸಾಸಿವೆಯ ಬಟ್ಟಲಲ್ಲಿ ಕಾರ್ಬ್ಯುರೇಟರಿನವು, ಜೀರಿಗೆಯ ಬಟ್ಟಲಲ್ಲಿ ವಾಟರ್ ಪಂಪಿನವು. (ನಮ್ಮ ಮನೆಯಲ್ಲಿ ವಾರಾಂತ್ಯದ ಅಡುಗೆ ಪತಿಯದು. ಒಗ್ಗರಣೆಯಿಲ್ಲದ ಸಾರನ್ನೇ ಬಡಿಸಿದರು, ದೂರಲಿಲ್ಲ.)

ಪಿಕ್ನಿಕ್‌ನ ಹಿಂದಿನ ಭಾನುವಾರ ಎಂಜಿನ್ ಗುಡುಗಿತು. ಬಡಾವಣೆಯ ನಾಯಿಗಳೆಲ್ಲ ಉತ್ತರ ಕೊಟ್ಟವು. ಅಷ್ಟಕ್ಕೇ ಬಿಡಬಾರದಿತ್ತೇ? ಶುಕ್ರವಾರ ಸಂಜೆ ನಸ್ರೀನ್ ಇರಲಿಲ್ಲ. ಹಳೆಯ ವೈರುಗಳು ಕಣ್ಣಿಗೆ ಚುಚ್ಚಿದವು. ಕಿತ್ತು, ಹೊಸ ಕೆಂಪು ವೈರು ಜೋಡಿಸಿದೆ. ಸಿಲಿಂಡರುಗಳಿಗೆ ಕಿಡಿ ಹಂಚುವ ದುಂಡನೆಯ ಮುಚ್ಚಳವೊಂದಿದೆ. ಅದರ ಸುತ್ತ ಎಂಟು ವೈರು. ಕಿಡಿ ಹಾರುವ ಸರದಿ ನನಗೆ ಕಂಠಪಾಠ: ಒಂದು, ಎಂಟು, ನಾಲ್ಕು, ಮೂರು… ತಪ್ಪಲು ಅವಕಾಶವೆಲ್ಲಿ?

ಶನಿವಾರ ಮತ್ತೆ ಮತ್ತೆ ‘ಢಬ್’ ಎನಿಸುತ್ತ ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಮೂರ್ತಿ ಅಂಕಲ್ ಫೋನ್. “ಏನಮ್ಮಾ, ಇಡ್ಲಿ ಬಂತು, ಚಟ್ನಿ ಬಂತು, ನೀನೇ ಬರ್ಲಿಲ್ಲ. ವ್ಯಾನ್ ಕಳಿಸ್ಲಾ?”

ಪಿಕ್ನಿಕ್‌ಗೆಂದು ಬಿರಿಯಾನಿ ಪಾತ್ರೆ ಹಿಡಿದು ಬಂದ ನಸ್ರೀನ್, ಅದನ್ನು ಕೆಳಗಿಟ್ಟು ಬಾನೆಟ್ಟಿನೊಳಕ್ಕೆ ಬಗ್ಗಿದಳು.

“ಈ ವೈರ್ ಯಾರ್ ಹಾಕಿದ್ರು?”

“ನಾನೇ. ಸರದಿ ಸರಿಯಾಗಿದೆ, ಬೇಕಾದ್ರೆ ಎಣಿಸು.”

“ಸರದಿ ಸರಿ ಐತಿ. ಯಾವ ಕಡೆ ಸುತ್ತಿದಿ?”

“ಬಲಕ್ಕೆ.”

“ಯಾಕ ಬಲಕ್ಕ?”

ಯಾವ ಚರ್ಚಾ ವೇದಿಕೆಯಲ್ಲೂ ಇಷ್ಟು ಕಠಿಣವಾದ ಪ್ರಶ್ನೆ ನನಗೆ ಎದುರಾಗಿರಲಿಲ್ಲ. ಹೌದಲ್ಲ, ಯಾಕೆ ಬಲಕ್ಕೆ? ಗರ್ಭಗುಡಿಯ ಸುತ್ತ, ತುಳಸಿಕಟ್ಟೆಯ ಸುತ್ತ ಬಾಲ್ಯದಿಂದಲೂ ಬಲಕ್ಕೇ ಸುತ್ತಿದ ಮೈ ಇದು. ಕೈ ನನ್ನನ್ನು ಕೇಳದೆಯೇ ಹಾಗೆ ಹೋಗಿತ್ತು. ಈ ಎಂಜಿನ್ನಿನಲ್ಲೋ ಕಿಡಿ ತಿರುಗುವುದು ಎಡಕ್ಕೆ! ಎಲ್ಲ ಕಮಿಟಿಗಳಿಗೂ ತರ್ಕ ಕೇಳಿದವಳು ನನ್ನ ಕೈಯನ್ನು ಮಾತ್ರ ಕೇಳಿರಲಿಲ್ಲ.

ನಸ್ರೀನ್ ನಕ್ಕು ನಕ್ಕು ಚಕ್ರದ ಮೇಲಿನ ಫೆಂಡರಿಗೆ ಒರಗಿದಳು. “ಪ್ರದಕ್ಷಿಣಿ ಹಾಕೀಯೇನ ಇದಕ್ಕ? ನಮ್ಮಮ್ಮಿ ಹಜ್‌ಗೆ ಹೋದಾಗ ಕಾಬಾ ಸುತ್ತ ಎಡಕ್ಕ ಸುತ್ತಿ ಬಂದಾಳ. ಈ ಗಾಡಿ ನಮ್ಮ ಪೈಕಿ, ಗೊತ್ತಾತ?”

“ಎಂಜಿನ್ ನೀವೇ ಇಟ್ಕೊಳ್ರೇ. ಬಣ್ಣ ಮಾತ್ರ ನಮ್ದು, ಅಪ್ಪಟ ಅರಿಶಿನ!” ಎಂದೆ.

ಇಬ್ಬರೂ ಸೇರಿ ವೈರುಗಳನ್ನು ಕಿತ್ತು ಎಡಕ್ಕೆ ಜೋಡಿಸಿದೆವು. ಕೀ ತಿರುಗಿಸಿದೆ. ಗ್ಯಾರೇಜಿನ ಗೋಡೆಗಳು ನಡುಗಿದವು!

ಬಿರಿಯಾನಿ ಪಾತ್ರೆಗೂ ಸೀಟ್ ಬೆಲ್ಟ್ ಕಟ್ಟಿ ಹೊರಟೆವು. ಪಾರ್ಕಿನೊಳಕ್ಕೆ ತಿರುಗಿದಾಗ ಕ್ರಿಕೆಟ್ ನಿಂತಿತು. “ಆಂಟಿ, ಈಸ್ ದಟ್ ಯುವರ್ಸ್?” ಎನ್ನುತ್ತ ಮಕ್ಕಳು ಓಡಿಬಂದರು. ಗಂಡಸರು ಕಾರಿಗೆ ಒಂದು ಸುತ್ತು ಬಂದರು. (ಬಲಕ್ಕೇ. ಗಮನಿಸಿದೆ.)

ಮೂರ್ತಿ ಅಂಕಲ್ ಬಾನೆಟ್ ತೆಗೆಸಿ ಬಹಳ ಹೊತ್ತು ನೋಡಿದರು. ಸೋತೆ ಎನ್ನಲಿಲ್ಲ. ಪುಳಿಯೋಗರೆ ಗೊಜ್ಜಿಗೆ ಎಷ್ಟು ಹುಣಸೆಹಣ್ಣು ಬೇಕೆಂದು ನನ್ನ ಪತಿಯನ್ನು ಮೆಲ್ಲಗೆ ವಿಚಾರಿಸಿದರು. ಆಮೇಲೆ ನಮ್ಮಿಬ್ಬರನ್ನೂ ಪಕ್ಕಕ್ಕೆ ಕರೆದು ಜೇಬಿಗೆ ಕೈ ಹಾಕಿದರು.

“ನನ್ನ ಕಾರು ಸಿಗ್ನಲಲ್ಲಿ ನಿಂತಾಗ ಒಂಥರಾ ನಡುಗುತ್ತಮ್ಮಾ. ನೀವಿಬ್ರೂ ಒಂದ್ಸಲ ನೋಡ್ತೀರಾ?”

ಎದುರಾಳಿ ತಲೆದೂಗಿದಾಗ ವಾದ ಗೆದ್ದಂತಲ್ಲ. ತನ್ನ ಕಾರಿನ ಕೀಯನ್ನು ನಮ್ಮ ಕೈಗಿಟ್ಟಾಗ ಗೆದ್ದಂತೆ, ಅಲ್ಲವೇ?